ಆನೆ ಬೆಳ್ಳುಳ್ಳಿ ಬೆಳ್ಳುಳ್ಳಿಯಲ್ಲ

‘ಗಡ್ಡೆ ದಪ್ಪಗಿರುವ ಬೆಳ್ಳುಳ್ಳಿಗೆ ಆನೆ ಬೆಳ್ಳುಳ್ಳಿ ಎನ್ನುತ್ತಾರೆ.’ ಕೈತೋಟದ ಬರಹಗಳಲ್ಲಿ ಈ ಸಾಲು ಮತ್ತೆ ಕಣ್ಣಿಗೆ ಬಿತ್ತು. ಎಷ್ಟನೆಯ ಸಲವೋ, ಲೆಕ್ಕ ತಪ್ಪಿದೆ. ಗೊಬ್ಬರ ಎಷ್ಟೇ ಸುರಿಯಿರಿ, ಬೆಳ್ಳುಳ್ಳಿ ಊದಿಕೊಂಡು ಆನೆ ಬೆಳ್ಳುಳ್ಳಿ ಆಗುವುದಿಲ್ಲ. ಸಸ್ಯಶಾಸ್ತ್ರದ ಹೆಸರಿನಲ್ಲಿ ಬೆಳ್ಳುಳ್ಳಿ ಅಲಿಯಂ ಸಟೈವಮ್. ಆನೆ ಬೆಳ್ಳುಳ್ಳಿ ಅಲಿಯಂ ಆಂಪಲೋಪ್ರಾಸಮ್, ಅಂದರೆ ಈರುಳ್ಳಿಯ ಬಳಗದ ದಪ್ಪ ದಂಟಿನ ತರಕಾರಿಯಾದ ಲೀಕ್‌ನ ಒಡಹುಟ್ಟು. ಗ್ರೀಕಿನಲ್ಲಿ ಆ ಹೆಸರಿಗೆ ‘ದ್ರಾಕ್ಷಿಬಳ್ಳಿಯ ಲೀಕ್’ ಎಂದೇ ಅರ್ಥ.

ತಪ್ಪು ಆನೆಯದಲ್ಲ. ಕನ್ನಡದ ಗಿಡಗಳ ಹೆಸರಿಗೆ ಆನೆ ಸೇರಿದ ಮಾತ್ರಕ್ಕೆ ‘ಅದೇ ಗಿಡ, ಗಾತ್ರ ಮಾತ್ರ ದೊಡ್ಡದು’ ಎಂದಾಗುವುದಿಲ್ಲ. ನೆಗ್ಗಿಲು, ಆನೆ ನೆಗ್ಗಿಲು ನೋಡಿ. ಕಾಯಿಯ ಮುಳ್ಳಿನ ಹೋಲಿಕೆ ಬಿಟ್ಟರೆ ಎರಡರ ಕುಟುಂಬವೇ ಬೇರೆ. ಆನೆ ನೆಗ್ಗಿಲು ಎಳ್ಳಿನ ಬಳಗದ್ದು. ಹೆಸರಿಟ್ಟವರು ಹೋಲಿಕೆಯನ್ನಷ್ಟೇ ಹೇಳಿದ್ದರು. ನಂಟು ಕಟ್ಟಿದವರು ನಾವು.

ಎಡವುವುದು ‘ಬೆಳ್ಳುಳ್ಳಿ’ಯಲ್ಲಿ. ಬೆಳ್ + ಉಳ್ಳಿ. ಬೆಳ್ಳಕ್ಕಿಯ ಬಿಳುಪೇ ಇಲ್ಲೂ ಇರುವುದು. ಈರುಳ್ಳಿ, ನೀರುಳ್ಳಿ ಎಲ್ಲದರಲ್ಲೂ ಉಳ್ಳಿ ಉಂಟು, ಏಕೆಂದರೆ ಅದು ಇಡೀ ಬಳಗಕ್ಕೆ ಒಪ್ಪುವ ಪದ. ‘ಆನೆ ಉಳ್ಳಿ’ ಎಂದು ಕರೆದಿದ್ದರೆ ಈ ಜಗಳವೇ ಇರುತ್ತಿರಲಿಲ್ಲ. ತಮಾಷೆಯೆಂದರೆ ಇಂಗ್ಲಿಷಿನ ಗಾರ್ಲಿಕ್ ಕೂಡ ಹಳೆಯ ‘ಗಾರ್’ (ಈಟಿ) ಮತ್ತು ‘ಲೀಕ್’ ಕೂಡಿ ಆದದ್ದು. ಆನೆ ಬೆಳ್ಳುಳ್ಳಿಯ ಇಂಗ್ಲಿಷ್ ಹೆಸರಾದ ಎಲಿಫೆಂಟ್ ಗಾರ್ಲಿಕ್‌ನ ಹೊಟ್ಟೆಯಲ್ಲೇ ಲೀಕ್ ಕೂತಿತ್ತು. ಅನುವಾದಿಸಿದವರು ಹೊಟ್ಟೆ ಬಗೆದು ನೋಡಲಿಲ್ಲ.

ಘಾಟು ಕಡಿಮೆ ಎಂದು ದೂರುವವರೂ ಇದ್ದಾರೆ. ಲೀಕ್‌ನ ನಂಟನಿಂದ ಇನ್ನೇನು ಬಯಸುತ್ತೀರಿ? ಬೆಳ್ಳುಳ್ಳಿಯ ಬದಲಿಗೆ ಹಾಕಿದರೆ ನಿರಾಸೆಯೇ. ಇಡೀ ಎಸಳನ್ನು ತರಕಾರಿಯಂತೆ ಸುಟ್ಟು ತಿನ್ನಲು ಇದೇ ಸರಿ.

ಹೆಸರು ತಪ್ಪಿದರೆ ತೋಟದ ಮಡಿಯಲ್ಲೂ ತಪ್ಪುತ್ತದೆ. ಬೆಳ್ಳುಳ್ಳಿಯ ಅಳತೆಯಲ್ಲಿ ಒತ್ತೊತ್ತಾಗಿ ಊರಿದರೆ ಗಡ್ಡೆ ದಪ್ಪವಾಗಲು ಜಾಗವೇ ಇರುವುದಿಲ್ಲ. ಎಸಳಿನಿಂದ ಎಸಳಿಗೆ 20ರಿಂದ 30 ಸೆಂ.ಮೀ. ಬಿಡಬೇಕು. ಚಳಿಗೆ ಮೊದಲೇ ಊರಿ, ಏಕೆಂದರೆ ಗಡ್ಡೆ ಎಸಳಾಗಿ ಒಡೆಯಲು ತಂಪು ಬೇಕು. ಹೂದಂಟು ಎದ್ದರೆ ಮುರಿಯಿರಿ, ತಿನ್ನಲೂ ಬರುತ್ತದೆ. ಕೆಳಗಿನ ಎಲೆಗಳು ಹಳದಿಯಾದಾಗ ಕೀಳಬೇಕು. ಪೂರ್ತಿ ಒಣಗಲಿ ಎಂದು ಕಾದರೆ ಗಡ್ಡೆ ಮಣ್ಣಿನಲ್ಲೇ ಬಿರಿಯುತ್ತದೆ. ಹಿಡಿದೆಳೆಯದೆ ಅಗೆದು ತೆಗೆದು, ಗಾಳಿಯಾಡುವ ನೆರಳಲ್ಲಿ ಕೆಲವು ವಾರ ಒಣಗಿಸಿ.

ಗಡ್ಡೆಯ ಬುಡಕ್ಕೆ ಅಂಟಿಕೊಂಡು ಬರುವ ಗಟ್ಟಿ ಸಿಪ್ಪೆಯ ಪುಟ್ಟ ಮರಿಗಳನ್ನು ಕಲ್ಲೆಂದು ಎಸೆಯಬೇಡಿ, ಅವೂ ಬೀಜವೇ. ಊರಿದ ಮೊದಲ ವರ್ಷ ಅವುಗಳಿಂದ ಎಸಳೊಡೆಯದ ಒಂದು ಉರುಟು ಗಡ್ಡೆ ಬರುತ್ತದೆ. ಅಷ್ಟಕ್ಕೇ ‘ಬೆಳೆ ಕೆಟ್ಟಿತು’ ಎನ್ನುವವರು ಕೆಲವರು, ‘ಒಂಟಿ ಬೆಳ್ಳುಳ್ಳಿ ಸಿಕ್ಕಿತು’ ಎಂದು ಔಷಧಿಗೆ ಎತ್ತಿಡುವವರು ಇನ್ನು ಕೆಲವರು. ಒಂಟಿ ಬೆಳ್ಳುಳ್ಳಿ ಎಂದರೆ ಎಸಳಾಗಿ ಒಡೆಯದ ನಿಜವಾದ ಬೆಳ್ಳುಳ್ಳಿ. ಇದು ಮರಿ ಆನೆ. ಮತ್ತೆ ಮಣ್ಣಿಗೆ ಊರಿದರೆ ಮುಂದಿನ ವರ್ಷ ನಾಲ್ಕೈದು ಎಸಳಾಗಿ ಒಡೆಯುತ್ತದೆ.