ಪಾಠದಲ್ಲಿ ಕೊಟ್ಟ ಕೋಡ್ ಓದುಗರಿಗೂ ಓಡಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಕನ್ನಡದಲ್ಲಿ ಪೈಥಾನ್ ಪಾಠ ಬರೆಯುತ್ತೇನೆ. ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿ ಓಡುವ ಕೋಡ್ ಓದುಗರಿಗೆ ಎರರ್ ಕೊಡುತ್ತದೆ. ಮೊದಲೇ ಪರೀಕ್ಷಿಸುವ ದಾರಿ ಇದೆಯೇ?

ಇದೆ. ಹೊಸದಾಗಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಡಾಕ್‌ಟೆಸ್ಟ್ ಎಂಬ ಮಾಡ್ಯೂಲ್ 2001ರಿಂದ ಪೈಥಾನ್ ಜೊತೆಗೇ ಬರುತ್ತಿದೆ.

ಪಾಠವನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯಿರಿ. ಕೋಡ್ ಸಾಲಿನ ಮುಂದೆ >>> ಗುರುತು ಇರಲಿ, ಅದರ ಕೆಳಗೆ ಉತ್ತರ. ಡಾಕ್‌ಟೆಸ್ಟ್ ನಿಮ್ಮ ವಿವರಣೆಯನ್ನು ಬಿಟ್ಟು ಆ ಸಾಲುಗಳನ್ನಷ್ಟೇ ಓಡಿಸುತ್ತದೆ. ಬಂದ ಉತ್ತರವನ್ನು ನೀವು ಬರೆದದ್ದಕ್ಕೆ ಹೋಲಿಸುತ್ತದೆ. ಎಲ್ಲ ಸರಿಯಿದ್ದರೆ ಸುಮ್ಮನಿರುತ್ತದೆ.

ಒಂದು ಉದಾಹರಣೆ ನೋಡಿ. ಉದ್ದ ಎಣಿಸುವ ಲೆನ್ (len) ಫಂಕ್ಷನ್ನಿಗೆ ‘ಕನ್ನಡ’ ಎಂಬ ಪದ ಕೊಟ್ಟರೆ ಉತ್ತರ ಎಷ್ಟು? ಮೂರು ಅಕ್ಷರ, ಹಾಗಾಗಿ 3 ಅಂತ ಬರೆದುಬಿಡುತ್ತೇವೆ ಅಲ್ವಾ? ಡಾಕ್‌ಟೆಸ್ಟ್ ತಕ್ಷಣ ಹಿಡಿಯುತ್ತದೆ: ನಿರೀಕ್ಷಿಸಿದ್ದು 3, ಬಂದದ್ದು 5. ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು: ಕ, ನ, ಒತ್ತಕ್ಷರ ಮಾಡಿಸುವ ಹಲಂತ ಚಿಹ್ನೆ (್), ನ, ಡ. ಇಂಥ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಕಲಿಯುವವರು ಮಾತ್ರ ತಮ್ಮದೇ ತಪ್ಪು ಅಂದುಕೊಂಡು ಗಂಟೆಗಟ್ಟಲೆ ಒದ್ದಾಡುತ್ತಾರೆ. ನನಗೆ ಜಾಸ್ತಿ ಬೇಸರ ತರಿಸುವುದು ಅದೇ.

ನೀವು ಹೇಳಿದ ಎರರ್‌ಗೆ ಇನ್ನೊಂದು ಕಾರಣವೂ ಇರಬಹುದು. ಹಿಂದಿನ ಪಾಠದಲ್ಲಿ ಮಾಡಿದ ಇಂಪೋರ್ಟ್ (ಬೇರೆ ಮಾಡ್ಯೂಲನ್ನು ತಂದುಕೊಳ್ಳುವ ಸಾಲು) ನಿಮ್ಮ ತೆರೆದ ಸೆಷನ್ನಿನಲ್ಲಿ ಇನ್ನೂ ಉಳಿದಿರುತ್ತದೆ, ಓದುಗರ ಬಳಿ ಇರುವುದಿಲ್ಲ. ಡಾಕ್‌ಟೆಸ್ಟ್ ಪ್ರತಿ ಫೈಲನ್ನೂ ಖಾಲಿ ಸ್ಥಿತಿಯಿಂದ ಶುರು ಮಾಡುವುದರಿಂದ ಅದೂ ಬಯಲಾಗುತ್ತದೆ.

ಉತ್ತರದ ಸಾಲಾದ ಮೇಲೆ ಒಂದು ಸಾಲು ಖಾಲಿ ಬಿಡಿ. ಇಲ್ಲದಿದ್ದರೆ ಮುಂದಿನ ವಿವರಣೆಯೂ ಉತ್ತರದ ಭಾಗ ಅಂತ ತಿಳಿಯುತ್ತದೆ. ಪದಗಳ ಸೆಟ್ (ಕ್ರಮವಿಲ್ಲದ ಗುಂಪು) ಅನ್ನು ಹಾಗೇ ಪ್ರಿಂಟ್ ಮಾಡಿ ತೋರಿಸಬೇಡಿ. ಅದರೊಳಗಿನ ಪದಗಳ ಕ್ರಮ ಒಂದೊಂದು ಸಲ ಒಂದೊಂದು ಥರ ಬರಬಹುದು. ಸಾರ್ಟ್ ಮಾಡಿ ತೋರಿಸಿ.

ಪೈಥಾನಿನ ಯಾವ ಆವೃತ್ತಿ ಅನ್ನುವುದನ್ನು ಪಾಠದ ಮೇಲ್ಗಡೆಯೇ ಹಾಕಿ. ಉದಾಹರಣೆಗೆ, ಮ್ಯಾಚ್ (match) ಎಂಬ ಹೇಳಿಕೆ ಬಳಸಿದ ಕೋಡ್ 3.10ಕ್ಕಿಂತ ಹಳೆಯದರಲ್ಲಿ ಓಡುವುದೇ ಇಲ್ಲ.

ಡಾಕ್‌ಟೆಸ್ಟ್ ಕೈಗೆ ಸಿಗದ ಒಂದು ತೊಂದರೆಯೂ ಇದೆ. ಪ್ರಕಟಿಸುವಾಗ ಕೆಲವು ಸಾಫ್ಟ್‌ವೇರ್‌ಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಪೈಥಾನ್ ಅದನ್ನು ಒಪ್ಪುವುದಿಲ್ಲ. ಆದ್ದರಿಂದ ಪ್ರಕಟವಾದ ಪುಟದಿಂದಲೇ ಕೋಡ್ ಕಾಪಿ ಮಾಡಿ, ಹೊಸ ಫೈಲಿಗೆ ಪೇಸ್ಟ್ ಮಾಡಿ, ಒಮ್ಮೆ ಓಡಿಸಿ ನೋಡಿ.