ಜಾವಾ ಟಿಪ್ಪಣಿ: ಜೆನೆರಿಕ್ ಕ್ಲಾಸಿನೊಳಗೆ ಅರೇ ಬೇಕಾದಾಗ

ಜೆನೆರಿಕ್ ಕ್ಲಾಸಿನೊಳಗೆ (ಟೈಪ್ ಯಾವುದೆಂದು ಬಳಸುವಾಗ ಹೇಳುವ ಕ್ಲಾಸ್; ಆ ಟೈಪಿನ ಜಾಗದಲ್ಲಿ ಬರೆಯುವ ಹೆಸರೇ ಟಿ) ‘ನ್ಯೂ ಟಿ[10]’ ಎಂದು ಬರೆದರೆ ಕಂಪೈಲರ್ ‘ಜೆನೆರಿಕ್ ಅರೇ ಕ್ರಿಯೇಷನ್’ ಎಂಬ ಎರರ್ ಕೊಡುತ್ತದೆ. ಸೆಮಿಕೋಲನ್ ಹುಡುಕಬೇಡಿ, ಸಿಂಟ್ಯಾಕ್ಸ್ ಸರಿಯಾಗಿಯೇ ಇದೆ. ಅರೇ ತನ್ನ ಎಲಿಮೆಂಟ್ ಟೈಪ್ ಯಾವುದೆಂದು ಪ್ರೋಗ್ರಾಂ ರನ್ ಆಗುವಾಗಲೂ ನೆನಪಿಟ್ಟಿರುತ್ತದೆ. ಆದರೆ ಟಿ ಕಂಪೈಲ್ ಆಗುವಾಗಲೇ ಅಳಿಸಿಹೋಗಿರುತ್ತದೆ. ಇಲ್ಲದ ಟೈಪಿನ ಅರೇ ಕಟ್ಟುವುದು ಹೇಗೆ?

ಅರೇಯ ನೆನಪನ್ನು ನೋಡಬೇಕಿದ್ದರೆ ಸ್ಟ್ರಿಂಗ್ ಅರೇಯೊಂದನ್ನು ಆಬ್ಜೆಕ್ಟ್ ಅರೇ ವೇರಿಯಬಲ್‌ಗೆ ಅಸೈನ್ ಮಾಡಿ. ಕಂಪೈಲರ್ ತಕರಾರು ಮಾಡುವುದಿಲ್ಲ. ಅದೇ ವೇರಿಯಬಲ್ ಮೂಲಕ 5 ಎಂಬ ಇಂಟಿಜರ್ ಹಾಕಿ: ರನ್ ಆಗುವಾಗ ಅರೇಸ್ಟೋರ್‌ಎಕ್ಸೆಪ್ಶನ್. ಲಿಸ್ಟ್‌ನಲ್ಲಿ ಇಷ್ಟು ದೂರ ಹೋಗಲಾಗದು. ಲಿಸ್ಟ್<ಸ್ಟ್ರಿಂಗ್> ಅನ್ನು ಲಿಸ್ಟ್<ಆಬ್ಜೆಕ್ಟ್> ಜಾಗದಲ್ಲಿಡಲು ಕಂಪೈಲರೇ ಬಿಡುವುದಿಲ್ಲ. ಜೆನೆರಿಕ್ ಬಂದದ್ದು 2004ರ ಜಾವಾ 5ರಲ್ಲಿ. ಹಳೆಯ ಕೋಡ್ ಜೊತೆ ಹೊಂದಿಕೊಳ್ಳಲೆಂದೇ ಟೈಪನ್ನು ಅಳಿಸುವ ಈ ದಾರಿ ಹಿಡಿದದ್ದು.

ಈಗ ಸ್ಟ್ಯಾಕ್<ಟಿ> ಬರೆಯೋಣ. ರೂಢಿಯ ಉಪಾಯವೆಂದರೆ ‘ನ್ಯೂ ಆಬ್ಜೆಕ್ಟ್[10]’ ಮಾಡಿ ‘(ಟಿ[])’ ಎಂದು ಕಾಸ್ಟ್ ಮಾಡುವುದು, ಅಂದರೆ ಇದನ್ನು ಟಿ ಅರೇ ಎಂದೇ ತಿಳಿ ಎಂದು ಕಂಪೈಲರ್‌ಗೆ ಹೇಳುವುದು. ‘ಅನ್‌ಚೆಕ್ಡ್’ ವಾರ್ನಿಂಗ್ (ಈ ಕಾಸ್ಟ್ ಸರಿಯೇ ಎಂದು ಪರೀಕ್ಷಿಸಲಾಗದು ಎಂದು) ಬರುತ್ತದೆ, ಬರಲಿ. ಅರೇ ಪ್ರೈವೇಟ್ ಆಗಿದ್ದು, ಪುಶ್ (ಮೇಲೆ ಸೇರಿಸುವ ಮೆಥಡ್) ಮೂಲಕ ಮಾತ್ರ ತುಂಬುವುದಾದರೆ ತೊಂದರೆಯಿಲ್ಲ. ಪಾಪ್ ಮಾಡಿದ (ಮೇಲಿನದನ್ನು ತೆಗೆದ) ಮೇಲೆ ಆ ಜಾಗಕ್ಕೆ ನಲ್ ಹಾಕುವುದನ್ನು ಮಾತ್ರ ಮರೆಯಬೇಡಿ. ಇಲ್ಲವಾದರೆ ಬೇಡದ ಆಬ್ಜೆಕ್ಟ್ ಗಾರ್ಬೇಜ್ ಕಲೆಕ್ಟರ್‌ಗೆ ಸಿಗದೆ ಉಳಿಯುತ್ತದೆ.

ಎಡವಟ್ಟು ಆಗುವುದು ಆ ಅರೇಯನ್ನು ಹೊರಗೆ ಕೊಟ್ಟಾಗ. ಟಿ[] ಹಿಂದಿರುಗಿಸುವ ಮೆಥಡ್ ಬರೆದು, ಹೊರಗಡೆ ಅದನ್ನು ಸ್ಟ್ರಿಂಗ್ ಅರೇಗೆ ಅಸೈನ್ ಮಾಡಿದಿರೋ, ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್. ಎರರ್ ತೋರಿಸುವ ಸಾಲು ಕರೆದವರ ಕೋಡಿನದು, ತಪ್ಪು ನಮ್ಮ ಕ್ಲಾಸಿನದು. ಹುಡುಕಲು ಬೆವರು ಹರಿಯುತ್ತದೆ. ಹೊರಗೆ ಕೊಡಲೇಬೇಕೆಂದಿದ್ದರೆ ಕನ್‌ಸ್ಟ್ರಕ್ಟರ್‌ನಲ್ಲಿ ಕ್ಲಾಸ್<ಟಿ> (ಟಿ ಯಾವ ಟೈಪೆಂದು ಹೇಳುವ ಆಬ್ಜೆಕ್ಟ್) ಪಡೆದು, ರನ್ ಆಗುವಾಗ ಟೈಪುಗಳ ಜೊತೆ ಕೆಲಸ ಮಾಡುವ ರಿಫ್ಲೆಕ್ಷನ್ ಪ್ಯಾಕೇಜಿನ ‘ಅರೇ.ನ್ಯೂಇನ್‌ಸ್ಟನ್ಸ್’ನಿಂದ ಅರೇ ಮಾಡಿ. ಇಲ್ಲೂ ಕಾಸ್ಟ್ ಬೇಕು, ಆದರೆ ಹುಟ್ಟುವುದು ನಿಜವಾದ ಸ್ಟ್ರಿಂಗ್ ಅರೇ.

‘ಟಿ ಎಕ್ಸ್‌ಟೆಂಡ್ಸ್ ಕಂಪೇರಬಲ್<ಟಿ>’ ಎಂದಿದ್ದರೆ (ಟಿ ಒಂದಕ್ಕೊಂದು ಹೋಲಿಸಬಲ್ಲ ಟೈಪೇ ಆಗಿರಬೇಕು ಎಂಬ ಷರತ್ತು) ಇನ್ನೊಂದು ಗುಂಡಿ ಇದೆ. ಆಗ ಟಿ ಅಳಿದು ಉಳಿಯುವುದು ಆಬ್ಜೆಕ್ಟ್ ಅಲ್ಲ, ಕಂಪೇರಬಲ್. ಹಾಗಾಗಿ ಮೇಲಿನ ಆಬ್ಜೆಕ್ಟ್ ಅರೇ ಕಾಸ್ಟ್ ಆ ಸಾಲಿನಲ್ಲೇ ರನ್‌ಟೈಮ್‌ನಲ್ಲಿ ಮುರಿದು ಬೀಳುತ್ತದೆ. ‘ನ್ಯೂ ಕಂಪೇರಬಲ್[10]’ ಎಂದು ಬರೆಯಬೇಕು. ಹೀಪ್, ಸಾರ್ಟಿಂಗ್ ಲ್ಯಾಬ್ ಪ್ರೋಗ್ರಾಂಗಳಲ್ಲಿ ಕಾಡುವುದು ಇದೇ.

ನಿಜ ಹೇಳಬೇಕೆಂದರೆ, ಕಲಿಕೆಗೆಂದು ಬರೆಯುವುದನ್ನು ಬಿಟ್ಟರೆ ಹೆಚ್ಚಿನ ಕಡೆ ಜಾವಾದ ಸಿದ್ಧ ಲಿಸ್ಟ್ ಆದ ಅರೇಲಿಸ್ಟ್ ಸಾಕು. ಅದರ ಹೊಟ್ಟೆಯಲ್ಲಿರುವುದೂ ಆಬ್ಜೆಕ್ಟ್ ಅರೇಯೇ. ಜಾವಾದ ಮುಕ್ತ ಆವೃತ್ತಿಯಾದ ಓಪನ್‌ಜೆಡಿಕೆಯಲ್ಲಿ ಖಾಲಿ ಲಿಸ್ಟ್‌ಗೆ ಮೊದಲ ಎಲಿಮೆಂಟ್ ಸೇರಿಸಿದಾಗ 10 ಜಾಗ ಸಿಗುತ್ತದೆ, ತುಂಬಿದರೆ ಒಂದೂವರೆ ಪಟ್ಟು ಹಿಗ್ಗಿ 15, ಆಮೇಲೆ 22.

ಟಿ ಜಾಗಕ್ಕೆ ಇಂಟ್ (ಆಬ್ಜೆಕ್ಟ್ ಅಲ್ಲದ ಬರೀ ಸಂಖ್ಯೆ) ಬಾರದು, ಇಂಟಿಜರ್ (ಅದರ ಆಬ್ಜೆಕ್ಟ್ ರೂಪ) ಬೇಕು. ಇದರಿಂದಲೇ ಅರೇಯನ್ನು ಲಿಸ್ಟ್ ಆಗಿ ಕೊಡುವ ‘ಅರೇಸ್.ಆ್ಯಸ್‌ಲಿಸ್ಟ್’ಗೆ ಮೂರು ಸಂಖ್ಯೆಯ ಇಂಟ್ ಅರೇ ಕೊಟ್ಟರೆ ಬರುವ ಲಿಸ್ಟ್‌ನ ಸೈಜ್ 3 ಅಲ್ಲ, 1: ಇಡೀ ಅರೇಯೇ ಒಂದು ಎಲಿಮೆಂಟ್ ಆಗಿ ಕೂತಿರುತ್ತದೆ. ಇಂಟಿಜರ್ ಅರೇ ಕೊಟ್ಟು ನೋಡಿ, 3 ಬರುತ್ತದೆ.