ಮಂಡಕ್ಕಿ ಯಾಕೆ ಅರಳುತ್ತದೆ, ಜನ ಯಾಕೆ ಬೀದಿಗೆ ಬರುತ್ತಾರೆ

ದಾವಣಗೆರೆಯಲ್ಲಿ ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ನಿಂತರೆ ರಾಜಕೀಯ ತಾನಾಗಿಯೇ ಬಾಯಿಗೆ ಬರುತ್ತದೆ. ಹೋದ ವಾರ ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಪೇಪರ್ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ತೀರ್ಪು ಕೊಟ್ಟರು: "ನೋಡ್ತಾ ಇರ್ರಿ, ರೇಟು ಇನ್ನೊಂದ್ ಸ್ವಲ್ಪ ಏರ್ಲಿ. ಬಡವರ ಹೊಟ್ಟೆ ಉರಿದ ದಿನ ಎಲ್ಲಾ ದಂಗೆ ಏಳ್ತಾರೆ." ಸುತ್ತ ನಿಂತವರೆಲ್ಲ ತಲೆ ಆಡಿಸಿದರು. ಖಾರ ಹತ್ತಿದ್ದರಿಂದ ನಾನು ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಈ ಮಾತು ತಪ್ಪು. ಹಸಿವು ಜಾಸ್ತಿಯಾದಷ್ಟೂ ದಂಗೆ ಹತ್ತಿರ ಅನ್ನುವ ಲೆಕ್ಕ ಚರಿತ್ರೆಯಲ್ಲಿ ಕೂಡಿಬರುವುದೇ ಇಲ್ಲ.

ನಮ್ಮದೇ ಸೀಮೆಯನ್ನು ನೋಡಿ. 1876ರಿಂದ 78ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಮೈಸೂರು ರಾಜ್ಯಕ್ಕೆ ಬಂದ ಬರವನ್ನು ಹಳ್ಳಿಯ ಹಿರಿಯರು ಮೊನ್ನೆಮೊನ್ನೆಯವರೆಗೂ ಹೇಳುತ್ತಿದ್ದರು. 1871ರ ಜನಗಣತಿಯಲ್ಲಿ ರಾಜ್ಯದಲ್ಲಿ ಸುಮಾರು 50 ಲಕ್ಷ ಜನ ಇದ್ದರು. ಹತ್ತು ವರ್ಷದ ನಂತರ ಎಣಿಸಿದಾಗ ಸಿಕ್ಕಿದ್ದು 42 ಲಕ್ಷಕ್ಕೂ ಕಡಿಮೆ. ಹೆಚ್ಚಾಗಬೇಕಿದ್ದ ಸಂಖ್ಯೆ ಅಷ್ಟು ಇಳಿದಿತ್ತು. ಕಳ್ಳತನ ಆಯಿತು, ಜನ ಊರು ಬಿಟ್ಟರು, ದಾರಿಯಲ್ಲೇ ಸತ್ತರು. ಆದರೆ ಸರ್ಕಾರವನ್ನು ಅಲುಗಾಡಿಸುವಂಥ ದಂಗೆ ಆಗಲಿಲ್ಲ.

ಅದಕ್ಕೂ 45 ವರ್ಷ ಮೊದಲು, 1830-31ರಲ್ಲಿ, ಅಂಥ ಬರ ಇರಲಿಲ್ಲ. ಆಗ ದಂಗೆ ಆಯಿತು! ಶಿವಮೊಗ್ಗ ಸೀಮೆಯ ನಗರ (ಹಳೆಯ ಬಿದನೂರು) ಅನ್ನುವ ಊರಿನ ಕಡೆ ಶುರುವಾದ ರೈತರ ಬಂಡಾಯ ಚಿತ್ರದುರ್ಗದ ಕಡೆಗೂ ಹಬ್ಬಿತು. ಆಗ 'ಶರ್ತಿ' ಅನ್ನುವ ಪದ್ಧತಿ ಇತ್ತು. ಇಷ್ಟು ಕಂದಾಯ ಎತ್ತಿ ಕೊಡುತ್ತೇನೆ ಅಂತ ಅಮಲ್ದಾರ ಮೊದಲೇ ಒಪ್ಪಿಕೊಳ್ಳುತ್ತಿದ್ದ. ಕಡಿಮೆ ಬಿದ್ದರೆ ಅವನ ಕೈಯಿಂದ ಹೋಗಬೇಕು. ಅವನು ಅದನ್ನು ಯಾರಿಂದ ಹಿಂಡುತ್ತಿದ್ದ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ರೈತರು ಊರೂರಿಂದ ಬಂದು ಒಂದೆಡೆ ಸೇರಿದರು. ಆ ಸೇರುವಿಕೆಯ ಹೆಸರೇ 'ಕೂಟ'. ಈ ಪದ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಅವರ ಜೊತೆಗೆ ಕೆಳದಿ ಮನೆತನದವನು ಅಂತ ಹೇಳಿಕೊಂಡ ಬೂದಿ ಬಸಪ್ಪ ನಿಂತ, ತರೀಕೆರೆಯ ಪಾಳೇಗಾರರೂ ನಿಂತರು. ಇವರು ಉಪವಾಸ ಇದ್ದವರಲ್ಲ, ಅಧಿಕಾರ ಕಳೆದುಕೊಂಡವರು. ಕೆಳಗಿನವರ ಸಿಟ್ಟಿಗೆ ಮೇಲಿನಿಂದ ಜಾರಿಬಿದ್ದವರ ಸಿಟ್ಟು ಕೂಡಿಕೊಂಡಿತು. ಬಂಡಾಯ ಸೋತಿತು. ಆದರೆ ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತ ತೆಗೆದುಕೊಂಡರು, 1881ರವರೆಗೂ ವಾಪಸ್ ಕೊಡಲಿಲ್ಲ.

ಬಂಗಾಳದಲ್ಲೂ ಇದೇ ಕಥೆ. 1943ರ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ತುಂಬಿದ ಅಂಗಡಿಗಳ ಮುಂದೆಯೇ ಸತ್ತರು. ಮೂರು ವರ್ಷದ ನಂತರ, 1946ರಲ್ಲಿ, ಅಲ್ಲಿನ ಪಾಲುಗಾರ ರೈತರು ಎದ್ದು ನಿಂತರು: ಬೆಳೆಯಲ್ಲಿ ಅರ್ಧ ಸಾಲದು, ಮೂರರಲ್ಲಿ ಎರಡು ಪಾಲು ನಮಗೆ ಬೇಕು. ಅದೇ ತೇಭಾಗಾ ಹೋರಾಟ.

ಹಾಗಾದರೆ ಸಿಟ್ಟು ಯಾವಾಗ ಚಳವಳಿ ಆಗುತ್ತದೆ? ಇದಕ್ಕೆ ಮಂಡಕ್ಕಿ ಭಟ್ಟಿಗೆ ಹೋಗಬೇಕು.

ಭಟ್ಟಿ ನೋಡಿದವರಿಗೆ ಗೊತ್ತು. ಮಂಡಕ್ಕಿ ಬರೀ ಬೆಂಕಿಯಿಂದ ಆಗುವುದಿಲ್ಲ. ಭತ್ತ ನೆನೆಸಬೇಕು, ಹದವಾಗಿ ಬೇಯಿಸಬೇಕು, ಸಿಪ್ಪೆ ತೆಗೆಯಬೇಕು, ಅಕ್ಕಿಗೆ ಉಪ್ಪುನೀರು ಹಿಡಿಸಿ ಮತ್ತೆ ಆರಿಸಬೇಕು. ಕೊನೆಗೆ ಕಾಳಿನೊಳಗೆ ನೂರಕ್ಕೆ ಹತ್ತು ಪಾಲಿನಷ್ಟು ನೀರು ಉಳಿದಿರಬೇಕು. ಇಂಥ ಅಕ್ಕಿಯನ್ನು 200 ಡಿಗ್ರಿಗೂ ಮೇಲೆ ಕಾದ ಮರಳಿಗೆ ಸುರಿದರೆ ಒಳಗಿನ ನೀರು ಒಮ್ಮೆಲೇ ಆವಿಯಾಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲ. ಅಷ್ಟರಲ್ಲಿ ಬಿಸಿಗೆ ಪಿಷ್ಟ ರಬ್ಬರಿನಂತೆ ಮೆತ್ತಗಾಗಿರುತ್ತದೆ. ಆವಿ ಅದನ್ನು ಬಲೂನಿನ ಹಾಗೆ ಊದುತ್ತದೆ. ನೀರು ಹೊರಟುಹೋದ ಮೇಲೆ ಪಿಷ್ಟ ಊದಿದ ಆಕಾರದಲ್ಲೇ ಗಟ್ಟಿಯಾಗುತ್ತದೆ. ಇದೆಲ್ಲ ಕೆಲವೇ ಸೆಕೆಂಡಿನ ಕೆಲಸ.

ಅದೇ ಅಕ್ಕಿಯನ್ನು ಸಣ್ಣ ಉರಿಯಲ್ಲಿ ಬಾಣಲೆಗೆ ಹಾಕಿ ನಿಧಾನಕ್ಕೆ ಹುರಿಯಿರಿ. ಒಟ್ಟು ಕೊಟ್ಟ ಬಿಸಿ ಇನ್ನೂ ಜಾಸ್ತಿಯೇ ಇರಬಹುದು. ಆದರೆ ನೀರು ಚೂರುಚೂರೇ ಆರಿಹೋಗುತ್ತದೆ. ಸಿಗುವುದು ಹಲ್ಲಿಗೆ ಸಿಕ್ಕಿದರೆ ಕಟಕ್ ಅನ್ನುವ ಕೆಂಪು ಕಾಳು. ಧಾತು ಬರ ಜನರನ್ನು ಮಾಡಿದ್ದು ಹೀಗೆ. ಶಕ್ತಿ, ದುಡ್ಡು, ನೆಂಟಸ್ತಿಕೆ, ನಂಬಿಕೆ ಎಲ್ಲ ಒಂದೊಂದಾಗಿ ಆರಿಹೋದವು. ಉಪವಾಸ ಬಿದ್ದವನಿಗೆ ನಾಳಿನ ಗಂಜಿಯ ಚಿಂತೆ. ಅವನು ಕೂಟ ಕಟ್ಟುವುದು ಯಾವಾಗ?

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಯಾಕೆಂದರೆ ಅಕ್ಕಿ ಕಾಳು ಪಕ್ಕದ ಕಾಳನ್ನು ನೋಡಿ ಅರಳುವುದಿಲ್ಲ. ಜನ ನೋಡುತ್ತಾರೆ.

ಮದುವೆ ಊಟದ ಪಂಕ್ತಿ ನೆನಪಿಸಿಕೊಳ್ಳಿ. ಎಲೆ ತುಂಬಾ ಬಡಿಸಿದ್ದಾರೆ, ಎಲ್ಲರಿಗೂ ಹಸಿವಾಗಿದೆ, ಆದರೂ ಯಾರೂ ಕೈ ಹಾಕುವುದಿಲ್ಲ. ಮೂಲೆಯಲ್ಲಿ ಯಾರೋ ಒಬ್ಬರು ಒಂದು ತುತ್ತು ಎತ್ತಿದರೆ ಸಾಕು, ನೂರು ಕೈ ಎಲೆಗೆ ಹೋಗುತ್ತವೆ. ಸಿಗ್ನಲ್‌ನಲ್ಲಿ ಕೆಂಪು ದೀಪ ಇರುವಾಗಲೇ ಒಂದು ಬೈಕ್ ಮುಂದೆ ಸರಿದರೆ ಏನಾಗುತ್ತದೆ ಅನ್ನುವುದೂ ನಿಮಗೆ ಗೊತ್ತು. ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1978ರಲ್ಲಿ ಇದನ್ನೇ ಲೆಕ್ಕ ಮಾಡಿ ತೋರಿಸಿದರು. ಪ್ರತಿ ಮನುಷ್ಯನಿಗೂ ಒಂದು ಹೊಸ್ತಿಲು ಇರುತ್ತದೆ. ಎಷ್ಟು ಜನ ಮುಂದೆ ಹೋದ ಮೇಲೆ ನಾನೂ ಹೋಗುತ್ತೇನೆ ಅನ್ನುವ ಸಂಖ್ಯೆಯೇ ಆ ಹೊಸ್ತಿಲು.

ನೂರು ಜನ ಮಿಲ್ ಕಾರ್ಮಿಕರು ಗೇಟಿನ ಮುಂದೆ ಇದ್ದಾರೆ ಅಂದುಕೊಳ್ಳಿ. ಒಬ್ಬ ಮೊಂಡ. ಅವನಿಗೆ ಯಾರೂ ಬೇಕಿಲ್ಲ, ಅವನ ಹೊಸ್ತಿಲು ಸೊನ್ನೆ. ಎರಡನೆಯವನಿಗೆ ಮುಂದೆ ಒಬ್ಬ ಇದ್ದರೆ ಸಾಕು. ಮೂರನೆಯವನಿಗೆ ಇಬ್ಬರು ಬೇಕು. ಹೀಗೇ ನೂರನೆಯವನಿಗೆ 99 ಜನ. ಮೊಂಡ ಕೂತ. ಅವನನ್ನು ನೋಡಿ ಎರಡನೆಯವನು ಕೂತ. ಅವರಿಬ್ಬರನ್ನು ನೋಡಿ ಮೂರನೆಯವನು. ನೂರೂ ಜನ ಕೂತರು, ಮಿಲ್ ಬಂದ್. ಈಗ ಒಂದೇ ಒಂದು ಬದಲಾವಣೆ ಮಾಡಿ. ಆ ಎರಡನೆಯವನನ್ನು ಬೇರೆ ಕಡೆಗೆ ಎತ್ತಂಗಡಿ ಮಾಡಿ, ಅವನ ಜಾಗಕ್ಕೆ ಇಬ್ಬರಾದರೂ ಬೇಕು ಅನ್ನುವವನನ್ನು ತನ್ನಿ. ಮೊಂಡ ಕೂರುತ್ತಾನೆ. ಪಕ್ಕದವನು ನೋಡುತ್ತಾನೆ, ಬರೀ ಒಬ್ಬ. ಮೂರನೆಯವನು ನೋಡುತ್ತಾನೆ, ಅವನಿಗೂ ಕಾಣುವುದು ಒಬ್ಬನೇ. ಮುಗಿಯಿತು. 99 ಜನ ಒಳಗೆ ಹೋಗುತ್ತಾರೆ. ಮರುದಿನದ ಪೇಪರಿನಲ್ಲಿ "ಕಾರ್ಮಿಕರಲ್ಲಿ ಅಸಮಾಧಾನ ಇಲ್ಲ" ಅಂತ ಬರುತ್ತದೆ.

ಸಂಬಳ ಅದೇ, ಸಿಟ್ಟೂ ಹೆಚ್ಚುಕಮ್ಮಿ ಅದೇ. ಒಂದು ಕಡೆ ಮುಷ್ಕರ, ಇನ್ನೊಂದು ಕಡೆ ಮೌನ. ಈ ಲೆಕ್ಕ ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಸೋದರಮಾವ ಇಲ್ಲಿನ ಒಂದು ಮಿಲ್ಲಿನಲ್ಲಿ ಸ್ಪಿನ್ನಿಂಗ್ ಕೆಲಸಕ್ಕಿದ್ದರು. ಗ್ರಾನೊವೆಟರ್ ಹೆಸರನ್ನು ಕೇಳಿದವರಲ್ಲ. ಅವರು ಹೇಳಿದ್ದು ಇಷ್ಟು: "ಮುಷ್ಕರದ ದಿನ ಗೇಟಿಂದ ಸ್ವಲ್ಪ ದೂರ ಸೈಕಲ್ ನಿಲ್ಸಿ, ಚೈನು ಬಿದ್ದೋರ ಹಂಗೆ ಬಗ್ಗಿ ಕೂರ್ತಿದ್ದೆ. ಯಾರ್ ಯಾರ್ ಒಳಗೆ ಹೋದ್ರು ಅಂತ ಎಣಿಸ್ತಿದ್ದೆ." ಚೈನು ಬಿದ್ದಿರಲಿಲ್ಲ. ಅವತ್ತು ಸುಮಾರು ಸೈಕಲ್‌ಗಳ ಚೈನು ಹಾಗೇ ಬೀಳುತ್ತಿತ್ತಂತೆ.

ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದ ಕಾಲ ಅದು. ಸಾವಿರಾರು ಜನ ಒಂದೇ ಸೈರನ್‌ಗೆ ಎದ್ದು, ಒಂದೇ ಗೇಟಿನಲ್ಲಿ ಹೋಗಿ, ಒಂದೇ ತಾರೀಕಿಗೆ ಸಂಬಳ ಎಣಿಸುತ್ತಿದ್ದರು. ಗೇಟು ಅಂದರೆ ಎಲ್ಲರ ಹೊಸ್ತಿಲೂ ಎಲ್ಲರಿಗೂ ಕಾಣುವ ಜಾಗ. ಈ ಊರು ಸಿಪಿಐನ ಪಂಪಾಪತಿಯವರನ್ನು ಮೂರು ಸಲ ವಿಧಾನಸಭೆಗೆ ಕಳಿಸಿದ್ದು ಸುಮ್ನೆ ಅಲ್ಲ. ಅದೇ ಹೊತ್ತಿಗೆ, ಅದೇ ಊರಿನಲ್ಲಿ, ಮಂಡಕ್ಕಿ ಭಟ್ಟಿಯವರು ಮಿಲ್ಲಿನವರಿಗಿಂತ ಕಷ್ಟದಲ್ಲಿದ್ದರು. ಹೊಗೆ, ಬಿಸಿ, ಚೀಲಕ್ಕೆ ಇಷ್ಟು ಅಂತ ಕೂಲಿ, ಹೆಂಗಸರು ಮಕ್ಕಳು ಸೇರಿ ನಡುರಾತ್ರಿಯಿಂದ ಕೆಲಸ. ಆದರೆ ಒಂದೊಂದು ಭಟ್ಟಿಗೆ ಒಂದೊಂದು ಸಂಸಾರ. ಅವರಿಗೆ ಗೇಟೇ ಇರಲಿಲ್ಲ.

ಮೇಲಿನವರಿಗೆ ಈ ತೊಂದರೆ ಇಲ್ಲ. ಮ್ಯಾನ್ಸರ್ ಓಲ್ಸನ್ ಅನ್ನುವ ಅರ್ಥಶಾಸ್ತ್ರಜ್ಞ 1965ರಲ್ಲೇ ಇದನ್ನು ಬಿಡಿಸಿ ಹೇಳಿದರು. ಕೂಲಿ ಏರಿದರೆ ಎಲ್ಲರಿಗೂ ಏರುತ್ತದೆ, ಲಾಠಿ ಏಟು ಮಾತ್ರ ಮುಂದೆ ಹೋದವನ ಬೆನ್ನಿಗೆ. ಹಾಗಾಗಿ ದೊಡ್ಡ ಗುಂಪಿನಲ್ಲಿ ಬೇರೆಯವರು ಹೋಗಲಿ ಅಂತ ಎಲ್ಲರೂ ಕಾಯುತ್ತಾರೆ. ಚಿಕ್ಕ ಗುಂಪಿಗೆ ಆ ಕಾಟ ಇಲ್ಲ. ಹತ್ತು ಜನ ವ್ಯಾಪಾರಿಗಳು ಒಂದು ಬೆಣ್ಣೆ ದೋಸೆ ಮುಗಿಯುವಷ್ಟರಲ್ಲಿ ಮೆಕ್ಕೆಜೋಳದ ರೇಟು ಮಾತಾಡಿ ಮುಗಿಸಬಹುದು. ಹತ್ತು ಸಾವಿರ ರೈತರು ಎಲ್ಲಿ ಕೂತು ದೋಸೆ ತಿನ್ನಬೇಕು? ಅಧಿಕಾರ ಇರುವವರು ಬುದ್ಧಿವಂತರು ಅಂತಲ್ಲ. ಅವರು ಕಡಿಮೆ ಜನ, ಅಷ್ಟೇ. ಉಳಿದವರ ಹೊಸ್ತಿಲು ಎತ್ತರಿಸುವುದೂ ಅವರಿಗೆ ಸುಲಭ. ಕಾಯಂ ನೌಕರನ ಪಕ್ಕ ಬದಲಿ ಕೆಲಸದವನನ್ನು ನಿಲ್ಲಿಸಿದರೆ ಆಯಿತು. ದಿನಾ ಬೆಳಿಗ್ಗೆ ಬಂದು ಕೆಲಸ ಸಿಗುತ್ತೋ ಇಲ್ಲವೋ ಅಂತ ಕಾಯುವವನು ಕೂರುವ ಮೊದಲು 99 ಅಲ್ಲ, ಒಂಬೈನೂರು ಜನರನ್ನು ಎಣಿಸುತ್ತಾನೆ. ಜಾತಿಯೂ ಹೀಗೇ ಕೆಲಸ ಮಾಡುತ್ತದೆ. ಬೇರೆ ಜಾತಿಯ ಹತ್ತು ಜನ ಕೂತರೂ ನನ್ನ ಲೆಕ್ಕಕ್ಕೆ ಅದು ಸೊನ್ನೆ.

ಇನ್ನೊಂದು ವಿಷಯ. ಜನ ಎಣಿಸುವುದು ಬರೀ ತಲೆಗಳನ್ನಲ್ಲ, ಅಳತೆಯನ್ನೂ ಎಣಿಸುತ್ತಾರೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದಾಗ, ಗೇಣಿಯನ್ನೇ ಕೊಡುವುದಿಲ್ಲ ಅಂತ ಹೊರಟವರಲ್ಲ. ಅವರ ತಕರಾರು ಕೊಳಗದ ಬಗ್ಗೆ. ಗೇಣಿ ಅಳೆಯುವ ಕೊಳಗ ನ್ಯಾಯದ ಕೊಳಗಕ್ಕಿಂತ ದೊಡ್ಡದಿತ್ತು. ಬಡತನ ಕಣ್ಣಿಗೆ ಕಾಣುವ ವಸ್ತು ಅಲ್ಲ. ಕೊಳಗ ಕಾಣುತ್ತದೆ, ಕೈಯಲ್ಲಿ ಹಿಡಿದು ತೋರಿಸಬಹುದು, ಪಕ್ಕದವನೂ ಅದೇ ಕೊಳಗ ನೋಡಿರುತ್ತಾನೆ. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಅರೆಸ್ಟ್ ಆದರು. ಅಲ್ಲಿ ಎದ್ದ ಮಾತು ದೇವರಾಜ ಅರಸು ಕಾಲದ 1974ರ ಭೂಸುಧಾರಣೆಯವರೆಗೂ ಹೋಯಿತು. ಭದ್ರಾ ನಾಲೆಯ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುವುದರಲ್ಲೂ ನನಗೆ ಕಾಣುವುದು ಕೊಳಗವೇ. ಮೇಲಿನವರ ಗದ್ದೆ ಹಸಿರು, ತಮ್ಮ ತೂಬಿನ ಮುಂದೆ ಬಿರುಕು ಬಿಟ್ಟ ಮಣ್ಣು. ಒಂದೇ ನಾಲೆ, ಎಲ್ಲರಿಗೂ ಕಾಣುವ ನೀರಿನ ಗೆರೆ.

ಇಷ್ಟೆಲ್ಲ ಇರುವಾಗ ಜನ ಚಳವಳಿಗೂ ಚುನಾವಣೆಗೂ ಗ್ರಹಗತಿ ಹುಡುಕುತ್ತಾರಲ್ಲ, ಅದನ್ನು ನನ್ನಿಂದ ಸಹಿಸಲಾಗುವುದಿಲ್ಲ. ಮೈಲಾರದ ಕಾರ್ಣಿಕ ಆದ ಮರುಗಳಿಗೆಯೇ ಯಾವ ಪಕ್ಷ ಬರುತ್ತೆ, ಯಾವ ಮುಖ್ಯಮಂತ್ರಿ ಇಳಿಯುತ್ತಾರೆ ಅಂತ ಟಿವಿಯಲ್ಲಿ ಅರ್ಥ ಬಿಡಿಸಲು ಕೂರುತ್ತಾರೆ. ಒಂದು ಸಾಲಿನ ಮಾತಿಗೆ ಹತ್ತು ಅರ್ಥ, ಯಾವುದಾದರೂ ಒಂದು ನಿಜ ಆಗಲೇಬೇಕು. ಆದರೂ ಆ ಬಯಲಿನಲ್ಲಿ ಒಂದು ಸಲ ನಿಂತು ಬಂದ ಮೇಲೆ ನನ್ನ ತಕರಾರು ಸ್ವಲ್ಪ ಬದಲಾಯಿತು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅನ್ನುತ್ತಾರೆ. ಲಕ್ಷಾಂತರ ಜನ ಒಂದೇ ಏಟಿಗೆ ಸುಮ್ಮನಾಗುತ್ತಾರೆ. ಬರುವ ಮಾತನ್ನು ನಾನು ಕೇಳುತ್ತೇನೆ. ನಾನು ಕೇಳಿದ್ದು ನೀವೂ ಕೇಳಿದ್ದೀರಿ ಅಂತ ನನಗೆ ಗೊತ್ತು, ನನಗೆ ಗೊತ್ತು ಅಂತ ನಿಮಗೂ ಗೊತ್ತು. ಭವಿಷ್ಯ ಹೇಳುವ ಶಕ್ತಿ ಅದಕ್ಕಿಲ್ಲ. ಆದರೆ ಅಷ್ಟು ಜನರನ್ನು ಒಂದೇ ಗೇಟಿನ ಮುಂದೆ ನಿಲ್ಲಿಸುವ ಶಕ್ತಿ ಇದೆ. 1830ರ ರೈತರು ಅದನ್ನೇ ಕೂಟ ಅಂದಿದ್ದರು.

ಈಗ ಮಿಲ್‌ಗಳು ಬಾಗಿಲು ಹಾಕಿ ಎಷ್ಟೋ ವರ್ಷ ಆಯಿತು. ಮೊನ್ನೆ ಮಧ್ಯಾಹ್ನ ಒಂದು ಹೋಟೆಲ್ ಎದುರಿನ ಹೊಂಗೆ ಮರದ ಕೆಳಗೆ ಆರೇಳು ಡೆಲಿವರಿ ಹುಡುಗರು ಬೈಕ್ ಮೇಲೆ ಕೂತಿದ್ದರು. ಎಲ್ಲರೂ ತಮ್ಮ ತಮ್ಮ ಫೋನ್ ನೋಡುತ್ತಿದ್ದರು, ಯಾರೂ ಮಾತಾಡುತ್ತಿರಲಿಲ್ಲ. ಒಬ್ಬ ತನ್ನ ಫೋನನ್ನು ಪಕ್ಕದವನ ಕಡೆ ತಿರುಗಿಸಿ, "ನಿಂಗೆ ಇದೇ ದೂರಕ್ಕೆ ಎಷ್ಟ್ ತೋರಿಸ್ತಿದೆ ನೋಡಲೇ" ಅಂದ. ಪಕ್ಕದವನು ನೋಡಿದ, ತನ್ನದನ್ನೂ ತಿರುಗಿಸಿದ. ಉಳಿದವರು ಬೈಕ್ ಇಳಿದು ಹತ್ತಿರ ಬಂದರು.